ಮಳೆಗಾಲದ ನೂರಿಪ್ಪತ್ತು ದಿನ

ಆ ವರ್ಷ ಮೇ ತಿಂಗಳಲ್ಲಿ ನಾನೊಂದು ಪ್ರಬಂಧವನ್ನು ವಿಜ್ಞಾನ ಪತ್ರಿಕೆಗೆ ಕಳಿಸಿ ಉತ್ತರಕ್ಕಾಗಿ ಕಾಯುತ್ತಿದ್ದೆ. ದೂರದ ಒಂದು ಗ್ಯಾಲಕ್ಸಿಯ ನಡುವೆ ಇರುವ ಕಪ್ಪುಕುಳಿಯ ದ್ರವ್ಯರಾಶಿ ಎಷ್ಟು ಎಂಬುದು ಅದರ ವಿಷಯ. ಮನೆಯಲ್ಲಿ ನಾವು ತೂಕ ಎಂದೇ ಅನ್ನುತ್ತಿದ್ದೆವು. ಮೂವತ್ತು ಕೋಟಿ ಸೂರ್ಯರಷ್ಟು ಎಂದು ಬರೆದಿದ್ದೆ. ಪುಣೆಯ ಆ ಸಂಸ್ಥೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ, ಹಿಂದೆ ಇನ್ನೊಂದು ಗ್ಯಾಲಕ್ಸಿಯ ಕಪ್ಪುಕುಳಿಯನ್ನು ಅಳೆದಿದ್ದರೂ ಇಷ್ಟು ದೂರದ್ದನ್ನು ಮೊದಲ ಬಾರಿಗೆ ಅಳೆದವಳು ಎನ್ನಿಸಿಕೊಳ್ಳುವ ಅವಕಾಶ ನನಗೆ ಅದುವರೆಗೆ ಬಂದಿರಲಿಲ್ಲ. ನಮ್ಮ ಮುಖ್ಯಸ್ಥರು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, ಪ್ರಬಂಧ ಒಪ್ಪಿಗೆಯಾದ ದಿನವೇ ದಿನಪತ್ರಿಕೆಗಳಿಗೆ ಸುದ್ದಿ ಕೊಡೋಣ ಎನ್ನುತ್ತಿದ್ದರು.

ನನ್ನ ಗಂಡ ಬ್ಯಾಂಕಿನಲ್ಲಿ ಗುಮಾಸ್ತರು. ಬಾಗಲಕೋಟೆಯ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆಂದು ಪುಣೆಗೆ ಬಂದು ನಿಂತ ಮನೆತನ ಅವರದು. ಮದುವೆಯಾದ ಹೊಸದರಲ್ಲಿ, ಕಾಣದೇ ಇರೋದನ್ನ ಹೆಂಗ ತೂಗ್ತೀರಿ ಎಂದು ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಕಪ್ಪುಕುಳಿ ಕಾಣುವುದಿಲ್ಲ ನಿಜ. ಆದರೆ ಅದರೊಳಕ್ಕೆ ಸುತ್ತಿ ಸುತ್ತಿ ಬೀಳುವ ಅನಿಲ ಕಾದು ಹೊಳೆಯುತ್ತದೆ. ಆ ಹೊಳಪು ಒಂದೇ ಸಮ ಇರುವುದಿಲ್ಲ, ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಅನಿಲದ ಮೋಡಗಳು ಓಡುತ್ತಿರುತ್ತವೆ. ನಡುವಿನ ಬೆಳಕು ಏರಿದರೆ ಮೋಡಗಳ ಬೆಳಕೂ ಏರುತ್ತದೆ, ಆದರೆ ತಡವಾಗಿ. ನಡುವಿನ ಬೆಳಕು ಅವುಗಳನ್ನು ಮುಟ್ಟಲು ಎಷ್ಟು ದಿನ ಬೇಕೋ ಅಷ್ಟು ದಿನ ತಡ. ಆ ತಡ ಗೊತ್ತಾದರೆ ಮೋಡಗಳು ಎಷ್ಟು ದೂರದಲ್ಲಿವೆ ಎಂದು ಗೊತ್ತಾಗುತ್ತದೆ. ಅವುಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿ ವೇಗವನ್ನು ತಿಳಿಯಬಹುದು. ದೂರ ಮತ್ತು ವೇಗ ಸಿಕ್ಕಮೇಲೆ, ಅಷ್ಟು ವೇಗದ ಮೋಡಗಳನ್ನು ಬಿಟ್ಟುಕೊಡದೆ ಹಿಡಿದಿಡಲು ನಡುವೆ ಎಷ್ಟು ತೂಕ ಬೇಕು ಎಂಬುದು ಲೆಕ್ಕಕ್ಕೆ ಬಿಟ್ಟ ಮಾತು.

ನನ್ನ ಗ್ಯಾಲಕ್ಸಿಯಲ್ಲಿ ಆ ತಡ ನೂರಿಪ್ಪತ್ತು ದಿನ ಎಂದು ಬಂದಿತ್ತು.

ಪುಣೆಯಿಂದ ಎರಡೂವರೆ ಗಂಟೆ ದೂರದ ಗುಡ್ಡದ ಮೇಲಿನ ದೂರದರ್ಶಕದಲ್ಲಿ ಮೂರು ವರ್ಷ, ಸುಮಾರು ವಾರಕ್ಕೊಮ್ಮೆ ಅದನ್ನು ನೋಡಿದ್ದೆವು. ಮಳೆಗಾಲ ಶುರುವಾದರೆ ಅಲ್ಲಿ ಗೋಪುರ ಮುಚ್ಚಿ ಬೀಗ ಹಾಕುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಮಗೆ ಆಕಾಶವಿಲ್ಲ. ನಮ್ಮ ನಕ್ಷೆಯಲ್ಲಿ ಪ್ರತಿವರ್ಷದ ಆ ನಾಲ್ಕು ತಿಂಗಳು ಖಾಲಿ ಇರುತ್ತಿತ್ತು, ಲೆಕ್ಕ ಹಾಕುವ ಪ್ರೋಗ್ರಾಂ ಅದನ್ನು ನೇರ ಗೆರೆ ಎಳೆದು ತುಂಬಿಕೊಳ್ಳುತ್ತಿತ್ತು. ನಾಲ್ಕು ತಿಂಗಳೆಂದರೂ ಹೆಚ್ಚುಕಡಿಮೆ ನೂರಿಪ್ಪತ್ತೇ ದಿನ. ಇದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿದ್ದಿತ್ತು. ಮೊದಲ ಕರಡಿನಲ್ಲಿ ಇದು ಕಾಕತಾಳೀಯ ಇರಬಹುದು ಎಂದು ಒಂದು ಸಾಲು ಬರೆದಿದ್ದೆ. ಎರಡನೇ ಕರಡಿನಲ್ಲಿ ಆ ಸಾಲನ್ನು ತೆಗೆದುಹಾಕಿದೆ.

ಅದನ್ನು ಹಿಡಿದವಳು ನನ್ನ ವಿದ್ಯಾರ್ಥಿನಿ. ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಅವಳಿಗೆ ಆಗ ನಾಲ್ಕನೇ ವರ್ಷ. ಅವಳ ತಂದೆ ತಾಯಿ ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು, ಅಪ್ಪ ಸೆಂಟ್ರಿಂಗ್ ಕೆಲಸದಲ್ಲಿ ಇದ್ದರು. ಅವಳು ಓದಿದ್ದೆಲ್ಲ ಇಲ್ಲಿನ ಮರಾಠಿ ಶಾಲೆಗಳಲ್ಲಿ. ಬಂದ ಮೊದಲ ಆರು ತಿಂಗಳು ನಾವಿಬ್ಬರೂ ಮರಾಠಿಯಲ್ಲೇ ಮಾತಾಡಿದೆವು. ಒಂದು ದಿನ ಅವಳು ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ತಾಯಿಯ ಜೊತೆ ಜಗಳವಾಡುತ್ತಿದ್ದಳು. ಅದು ನಮ್ಮ ಕನ್ನಡ ಎಂದು ಕಿವಿಗೆ ಬಿದ್ದು ನಾನು ನಕ್ಕೆ, ಅವಳೂ ನಕ್ಕಳು. ಅಂದಿನಿಂದ ನನ್ನ ಕೋಣೆಯಲ್ಲಿ ಕನ್ನಡ ಶುರುವಾಯಿತು. ನನ್ನ ಮನೆಯ ಹಾಗೆ ಅವಳದೂ ಪುಣೆಯ ಬಿಬವೇವಾಡಿ ಬಡಾವಣೆಯಲ್ಲೇ. ನಾವು ಕೆಳಗಿನ ಹೌಸಿಂಗ್ ಸೊಸೈಟಿಯಲ್ಲಿ, ಅವರು ಗುಡ್ಡಕ್ಕೆ ಹತ್ತಿಕೊಂಡ ಕೂಲಿಕಾರರ ವಸ್ತಿಯಲ್ಲಿ. ನಡೆದರೆ ಹದಿನೈದು ನಿಮಿಷ. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ.

ಜೂನ್ ಎರಡನೇ ವಾರ ಅವಳು ಲ್ಯಾಪ್‌ಟಾಪ್ ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು.

“ಮೇಡಂ, ಐದು ನಿಮಿಷ ಅದ ಏನ್ರಿ?”

“ಬಾ, ಏನು?”

“ನಮ್ಮ ನೂರಿಪ್ಪತ್ತು ದಿನದ್ದು ಒಂದು ಚೆಕ್ ಮಾಡೀನ್ರಿ. ಖರೇ ಡೇಟಾ ಅಲ್ಲ, ಕಂಪ್ಯೂಟರಿನಾಗ ನಾನೇ ಹುಟ್ಟಿಸಿದ ಸುಳ್ಳು ಗ್ಯಾಲಕ್ಸಿ. ಅದರಾಗ ತಡ ಮೂವತ್ತು ದಿನ ಅಂತ ನಾನೇ ಇಟ್ಟೀನಿ. ಆಮ್ಯಾಲ ಮಳಿಗಾಲದ ನಾಕು ತಿಂಗಳು ಕತ್ತರಿಸಿ ತೆಗದು ನಮ್ಮ ಪ್ರೋಗ್ರಾಂಗೆ ಕೊಟ್ಟೀನಿ.”

“ಏನು ಬಂತು?”

“ನೂರಿಪ್ಪತ್ತು ಬಂತ್ರಿ.”

ಅವಳು ಪರದೆ ನನ್ನ ಕಡೆ ತಿರುಗಿಸಿದಳು. “ಐವತ್ತು ಇಟ್ರೂ ಅಷ್ಟೇ ಬರ್ಲಕತ್ತದ. ತಡಾನೇ ಇಲ್ಲ ಅಂತ ಇಟ್ರೂ ಭಾಳ ಸಲ ಅದೇ. ಇದು ಕಪ್ಪುಕುಳಿ ಹೇಳಿದ್ದಲ್ರಿ ಮೇಡಂ. ನಮ್ಮ ಖಾಲಿ ಜಾಗ ಹೇಳ್ಲಕತ್ತದ.”

ನಿನ್ನ ಸುಳ್ಳು ಗ್ಯಾಲಕ್ಸಿಗಳು ನಮ್ಮದರ ಹಾಗೆ ಮಿನುಗುವುದಿಲ್ಲ, ಪ್ರೋಗ್ರಾಂ ಬರೆಯುವಾಗ ಎಲ್ಲೋ ತಪ್ಪಾಗಿದೆ, ಇನ್ನೊಮ್ಮೆ ನೋಡು ಎಂದು ಹೇಳಿ ಕಳಿಸಿದೆ. ಅವಳು ಹೋದಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕ್ಯಾಂಟೀನಿಗೆ ಹೋಗಿ ಚಹಾ ಹೇಳಿ, ಕುಡಿಯದೆ ವಾಪಸು ಬಂದೆ.

ಗುರುವಾರ ನಮ್ಮ ಗುಂಪಿನ ಸಭೆ. ಏಳೆಂಟು ಜನ ಇದ್ದೆವು. ನಾನು ಹೇಳಿದ್ದನ್ನೆಲ್ಲ ತಿದ್ದಿಕೊಂಡು, ಮತ್ತೆ ಮಾಡಿ, ಅದೇ ಉತ್ತರದೊಂದಿಗೆ ಅವಳು ಎದ್ದು ನಿಂತಳು. ಎರಡು ನಕ್ಷೆ ತೋರಿಸುವಷ್ಟರಲ್ಲಿ ನಾನು ತಡೆದೆ.

“ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ಸುಲಭ,” ಎಂದೆ, ಎಲ್ಲರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ. “ನಾಲ್ಕು ವರ್ಷ ಆಯಿತು. ಥೀಸಿಸಿಗೆ ನಿನ್ನದೇ ಆದ ಒಂದು ಅಧ್ಯಾಯ ಎಲ್ಲಿದೆ?”

ಅವಳು ತಂತಿ ಕಳಚಿ, ಲ್ಯಾಪ್‌ಟಾಪ್ ಮುಚ್ಚಿ, ಸಭೆ ಮುಗಿಯುವವರೆಗೆ ಕೂತಿದ್ದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಅವಳು ಮಾಡಿದ ಪರೀಕ್ಷೆಯನ್ನು ನಾನೇ ಮಾಡಿ ನೋಡಲು ಒಂದು ಬೆಳಗ್ಗೆ ಸಾಕಿತ್ತು. ಮಾಡಲಿಲ್ಲ. ಹತ್ತು ಹನ್ನೊಂದು ದಿನ ಮಿಕ್ಕಿದ್ದನ್ನೆಲ್ಲ ಮಾಡಿದೆ. ಹಳೇ ಫೈಲುಗಳನ್ನು ಹರಿದು ಬಿಸಾಡಿದೆ. ಯಾರೂ ಕೇಳದ ವರದಿಯೊಂದನ್ನು ಬರೆದು ಮುಗಿಸಿದೆ. ಮನೆಯಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ, ಮಳೆಗಾಲದಲ್ಲಿ ಅವು ಒಣಗದೆ ಎರಡು ದಿನ ಹಾಲ್‌ನಲ್ಲಿ ಬೋರಲು ಬಿದ್ದಿದ್ದವು. ಸ್ಕೂಟರಿನಲ್ಲಿ ಹೋಗುವಾಗ ಸಿಗ್ನಲ್ ಹಸಿರಾದದ್ದು ತಿಳಿಯದೆ ನಿಂತು ಹಿಂದಿನವರಿಂದ ಮರಾಠಿಯಲ್ಲಿ ಬೈಸಿಕೊಂಡೆ. ಅವಳಿಗೆ ಫೋನ್ ಮಾಡಲೆಂದು ಹೆಸರು ತೆಗೆಯುವುದು, ಮತ್ತೆ ಮುಚ್ಚುವುದು, ಇದೇ ಆಯಿತು.

ಶನಿವಾರ ಮಧ್ಯಾಹ್ನ ಪತ್ರಿಕೆಯಿಂದ ಮೇಲ್ ಬಂತು. ಸಣ್ಣಪುಟ್ಟ ತಿದ್ದುಪಡಿ ಮಾಡಿದರೆ ಪ್ರಬಂಧ ಒಪ್ಪಿಗೆ. ಪರಿಶೀಲಿಸಿದವರಲ್ಲಿ ಒಬ್ಬರು ಇದು ಅಚ್ಚುಕಟ್ಟಾದ ಅಳತೆ ಎಂದು ಬರೆದಿದ್ದರು. ಆ ಮಾತನ್ನು ಓದಿ ಮೇಲ್ ಮುಚ್ಚಿದೆ. ಗಂಡನಿಗೆ ಹೇಳಿದರೆ ಅವರು ಸಂತೋಷಪಟ್ಟು, “ನಾಳೆ ರವಿವಾರ, ಲೋಣಾವಳಾಕ್ಕ ಹೋಗೂಣು ನಡಿ. ಮಳಿಯಾಗ ಅಡ್ಡಾಡಿ ಭಾಳ ವರ್ಷಾತು,” ಎಂದರು.

ಲೋಕಲ್ ಟ್ರೇನಿನಲ್ಲಿ ಹೋದೆವು. ಲೋಣಾವಳಾದಲ್ಲಿ ಮಳೆ ಬೆಳಗಿನಿಂದ ಹಿಡಿದದ್ದು ಬಿಟ್ಟಿರಲಿಲ್ಲ, ಗುಡ್ಡ ಯಾವುದು ಮೋಡ ಯಾವುದು ತಿಳಿಯುತ್ತಿರಲಿಲ್ಲ. ಒಂದು ಕಡೆ ಜೋಳದ ತೆನೆ ಸುಡಿಸಿಕೊಂಡೆವು, ನಾನು ಅರ್ಧ ತಿಂದು ಎಸೆದೆ. ಚಿಕ್ಕಿ ಅಂಗಡಿಯ ಸಾಲಿನಲ್ಲಿ ನಿಂತಾಗ ಎರಡು ಸಲ ಹೊರಗೆ ಹೋಗಿ ಬಂದೆ. ಮೂರನೆಯ ಸಲ ಹೊರಟಾಗ ಗಂಡ ಕೈಹಿಡಿದರು.

“ಏನಾಗೇದ ನಿನಗ? ಹತ್ತು ದಿನದಿಂದ ನೋಡಾಕತ್ತೀನಿ, ಒಂದು ಕಡೆ ನಿಂದರವಲ್ಲಿ.”

ಅಂಗಡಿಯ ಸೂರಿನ ಕೆಳಗೆ ನಿಂತು ಎಲ್ಲವನ್ನೂ ಹೇಳಿದೆ. ಸುಳ್ಳು ಗ್ಯಾಲಕ್ಸಿ, ಖಾಲಿ ಬಿದ್ದ ತಿಂಗಳುಗಳು, ಸಭೆಯಲ್ಲಿ ಆಡಿದ ಮಾತು. ಅವರು ಚಿಕ್ಕಿಯ ಪೊಟ್ಟಣ ಹಿಡಿದುಕೊಂಡು ಪೂರ್ತಿ ಕೇಳಿದರು.

“ಅಕಿ ಮಾಡಿದ್ದು ನೀ ಮಾಡಿ ನೋಡಿದಿ?”

“ಇಲ್ರಿ.”

“ಯಾಕ?”

ಉತ್ತರ ಗೊತ್ತಿದ್ದೂ ನಾನು ಕೊಡೆ ಬಿಚ್ಚಿ ಸ್ಟೇಷನ್ನಿನ ಕಡೆ ಹೊರಟೆ. ಅವರೂ ಮತ್ತೆ ಕೇಳಲಿಲ್ಲ. ವಾಪಸು ಬರುವ ಟ್ರೇನಿನಲ್ಲಿ ಕಿಟಕಿಯ ಪಕ್ಕ ಕೂತು ಬೆರಳಿನಿಂದ ಗಾಜಿನ ಹಬೆ ಒರೆಸುತ್ತಲೇ ಇದ್ದೆ. ಒರೆಸಿದಷ್ಟೂ ಕೂಡುತ್ತಿತ್ತು.

ಸೋಮವಾರ ಏಳೂವರೆಗೇ ಸಂಸ್ಥೆಗೆ ಹೋದೆ. ಅವಳ ಪ್ರೋಗ್ರಾಂ ತೆಗೆದುಕೊಳ್ಳಲಿಲ್ಲ, ಅದರಲ್ಲಿ ತಪ್ಪಿದ್ದರೆ ನನಗೂ ಅಂಟುತ್ತದೆ ಎಂದು ಮೊದಲಿನಿಂದ ನಾನೇ ಬರೆದೆ. ನಮ್ಮ ಗ್ಯಾಲಕ್ಸಿಯ ಹಾಗೆಯೇ ಮಿನುಗುವ ಸುಳ್ಳು ಬೆಳಕು, ತಡ ಮೂವತ್ತು ದಿನ, ನಡುವೆ ನಮ್ಮ ಮಳೆಗಾಲಗಳು. ಓಡಿಸಿದೆ. ನೂರ ಹದಿನೆಂಟು. ಇನ್ನೊಂದು. ನೂರಿಪ್ಪತ್ತೆರಡು. ಮಳೆಗಾಲವನ್ನು ಕತ್ತರಿಸದೆ ಬಿಟ್ಟು ಓಡಿಸಿದರೆ ಪಾಪ, ಅದೇ ಪ್ರೋಗ್ರಾಂ ಪ್ರತಿಸಲವೂ ಮೂವತ್ತರ ಆಸುಪಾಸಿಗೆ ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಮತ್ತೆ ಓಡಿಸುವ ಅಗತ್ಯವೇ ಉಳಿಯಲಿಲ್ಲ. ಮೂವತ್ತು ಕೋಟಿ ಸೂರ್ಯರ ತೂಕ ನಮ್ಮ ಗುಡ್ಡದ ಬೀಗ ಹಾಕಿದ ಬಾಗಿಲಿನಿಂದ ಬಂದದ್ದು. ನಿಜವಾದ ತಡ ಎಷ್ಟೋ, ತೂಕ ಎಷ್ಟೋ, ನನ್ನ ಬಳಿ ಇದ್ದ ಮೂರು ವರ್ಷದ ಡೇಟಾದಲ್ಲಿ ಅದು ಇರಲೇ ಇಲ್ಲ.

ಸ್ಕೂಟರ್ ತೆಗೆದುಕೊಂಡು ನೇರ ಬಿಬವೇವಾಡಿಗೆ ಹೋದೆ. ವಸ್ತಿಯ ಕೆಳಗೆ ಗಾಡಿ ನಿಲ್ಲಿಸಿ, ಕಿರಾಣಿ ಅಂಗಡಿಯಲ್ಲಿ ಕೇಳಿಕೊಂಡು ಮೆಟ್ಟಿಲು ಹತ್ತಿದೆ. ಮೆಟ್ಟಿಲ ಮೇಲೆಲ್ಲ ನೀರು ಹರಿಯುತ್ತಿತ್ತು. ಅವರದು ಎರಡು ಕೋಣೆಯ ಮನೆ, ಬಾಗಿಲು ತೆರೆದಿತ್ತು. ತಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ಯಾರೆಂದು ಹೇಳಿದೊಡನೆ ಎದ್ದುನಿಂತು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡರು.

“ಬರ್ರಿ, ಒಳಗ ಬರ್ರಿ. ಅಕಿ ಏನರ ತಪ್ಪು ಮಾಡ್ಯಾಳೇನ್ರಿ?”

“ಇಲ್ರಿ. ಎಲ್ಲಿ ಹೋಗ್ಯಾಳ?”

“ಇಲ್ಲೇ ಪುಣೆ ಹತ್ರದ ಶಿರೂರಕ್ಕ ಹೋಗ್ಯಾಳ್ರಿ. ಅಲ್ಲಿ ಕಾಲೇಜಿನಾಗ ಕಲಿಸೋ ನೌಕರಿ ಅದ ಅಂತ. ಮುಂಜಾನಿ ಮೊದಲನೇ ಬಸ್ಸಿಗೆ ಹೋದ್ಳು.”

ಒಲೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದು ಆ ತಾಯಿ ಒಳಗೆ ಓಡಿದರು. ವಾಪಸು ಬಂದಾಗ ಅವರ ಮುಖದಲ್ಲಿ ಮೊದಲಿನ ಗಾಬರಿ ಇರಲಿಲ್ಲ.

“ಹತ್ತು ದಿನಾತ್ರಿ, ಹೊಟ್ಟಿತುಂಬ ಉಂಡಿಲ್ಲ. ಕೇಳಿದ್ರ ಏನೂ ಇಲ್ಲ ಅಂತಾಳ. ಅವರಪ್ಪಗೂ ಹೇಳವಲ್ಲಳು. ಏನಾಗ್ಯಾದ್ರಿ ಅಲ್ಲಿ?”

“ಅಕಿ ಒಂದು ತಪ್ಪು ಹುಡುಕಿ ತೋರಿಸಿದ್ಲು. ನನ್ನ ತಪ್ಪು. ನಾ ಕೇಳಲಿಲ್ಲ. ಎಲ್ಲಾರ ಮುಂದ ಬೈದೆ. ಅಕಿ ಹೇಳಿದ್ದು ಖರೇ ಅದ.”

ಅವರು ಸುಟ್ಟ ರೊಟ್ಟಿಯನ್ನು ಬದಿಗಿಟ್ಟರು. ಆಮೇಲೆ, “ನನಗ ಹೇಳಿ ಏನ್ ಮಾಡೂದ್ರಿ? ಅಕಿ ಬರತನ ಕುಂದರ್ರಿ, ಅಕಿಗೇ ಹೇಳ್ರಿ,” ಎಂದು ಒಂದು ಚಾಪೆ ಹಾಸಿ, ಮತ್ತೆ ರೊಟ್ಟಿಗೆ ಕೂತರು.

ನಾಲ್ಕು ಗಂಟೆ ಕಾದೆ. ಅವರು ಚಹಾ ಕೊಟ್ಟರು, ರೊಟ್ಟಿ ಪುಂಡಿಪಲ್ಯ ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ನಾನು ಬಾಗಿಲಿಗೆ ಹೋಗಿ ಮೆಟ್ಟಿಲು ನೋಡುವುದು, ಬಂದು ಕೂರುವುದು. ಗೋಡೆಯ ಮೇಲೆ ಅವಳ ಎಂಎಸ್ಸಿ ಪದವಿಯ ಫೋಟೋ ಇತ್ತು. ಕಿಟಕಿಯ ಪಕ್ಕ ಅವಳ ಪುಸ್ತಕಗಳು ಪ್ಲಾಸ್ಟಿಕ್ ಹಾಳೆ ಹೊದ್ದು ಕೂತಿದ್ದವು, ಸೂರು ಸೋರುವ ಜಾಗ ಅದು. ಹಾಳೆ ಎತ್ತಿ ನೋಡಿದೆ. ಮೇಲೆಯೇ ನಮ್ಮ ಪ್ರಬಂಧದ ಪ್ರತಿ, ಅಂಚಿನ ತುಂಬ ಪೆನ್ಸಿಲಿನ ಅಕ್ಷರ. ಓದುವ ಧೈರ್ಯವಾಗದೆ ಹಾಗೇ ಹೊದಿಸಿದೆ.

ಮೂರೂಕಾಲು ಗಂಟೆಗೆ ಅವಳು ಬಂದಳು. ಕೊಡೆ ಇದ್ದರೂ ಅರ್ಧ ತೊಯ್ದಿದ್ದಳು, ಸರ್ಟಿಫಿಕೇಟಿನ ಫೈಲು ಪ್ಲಾಸ್ಟಿಕ್ ಚೀಲದಲ್ಲಿತ್ತು. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

“ನಾನು ಮಾಡಿ ನೋಡಿದೆ,” ಎಂದೆ. “ನೀ ಹೇಳಿದ್ದು ಸರಿ ಅದ. ಸಭಾದಾಗ ನಾ ಅಂದದ್ದು ತಪ್ಪು. ಭಾಳ ತಪ್ಪು. ಅದನ್ನ ಹೇಳಾಕ ಬಂದೆ.”

ಅವಳು ಚಪ್ಪಲಿ ಬಿಚ್ಚಿ, ಫೈಲನ್ನು ತಾಯಿಗೆ ಕೊಟ್ಟು, ನನ್ನೆದುರು ಕೂತಳು. “ಪೇಪರ್ ಏನ್ ಮಾಡ್ತೀರ್ರಿ, ಮೇಡಂ?”

“ಒಪ್ಪಿಗೆ ಬಂದದ. ತಿದ್ದಿ ಕಳಿಸೋಣ ಅಂತ.”

“ಹೆಂಗ ತಿದ್ದೂದ್ರಿ? ನೂರಿಪ್ಪತ್ತು ತೆಗದು ಅಲ್ಲಿ ಏನ್ ಬರೀತೀರಿ? ನಮ್ಮ ಕಡಿ ಬೇರೆ ನಂಬರೇ ಇಲ್ಲ.”

ನಾನು ಅಷ್ಟು ದೂರ ಯೋಚಿಸಿರಲಿಲ್ಲ, ಅಥವಾ ಯೋಚಿಸದಂತೆ ನೋಡಿಕೊಂಡಿದ್ದೆ.

“ವಾಪಸ್ ತಗೋತೀನಿ,” ಎಂದೆ ಕೊನೆಗೆ.

“ಹೂಂ ರೀ,” ಎಂದಳು. ಅದರಲ್ಲಿ ಖುಷಿ ಏನೂ ಇರಲಿಲ್ಲ. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಅವಳ ಮೊದಲ ಪ್ರಬಂಧ ಅದು.

“ಶಿರೂರಿನಾಗ ಏನಂದ್ರು?”

“ಒಂದನೇ ತಾರೀಖಿನಿಂದ ಬಾ ಅಂದಾರ್ರಿ.”

“ಹೋಗ್ತಿಯೇನು?”

“ಹೋಗ್ತೀನ್ರಿ.” ತೊಯ್ದ ದುಪಟ್ಟಾ ಹಿಂಡುತ್ತ, “ನೀವು ಬಂದ್ರಿ, ಭಾಳ ಚಲೋ ಆತು. ಆದ್ರ ನಾ ಹೋಗ್ತೀನಿ. ದಿನಾ ಆ ರೂಮಿನಾಗ ಕುಂತು ಏನು ಹೇಳ್ಲಿ, ಏನು ಬಿಡ್ಲಿ ಅಂತ ಕಾಯೂದು ನನಗ ಸಾಕಾಗ್ಯಾದ,” ಎಂದಳು.

ಪಿಎಚ್‌ಡಿ ಬಿಡಬೇಡ, ಶನಿವಾರ ಶನಿವಾರ ಬಾ, ನೀನು ಮಾಡಿದ್ದನ್ನೇ ನಿನ್ನ ಅಧ್ಯಾಯ ಮಾಡು ಎಂದು ಬೇಡಿಕೊಂಡೆ. ವಿಚಾರ ಮಾಡುತ್ತೇನೆ ಎಂದಷ್ಟೇ ಹೇಳಿದಳು. ಮೆಟ್ಟಿಲಿಳಿಯುವಾಗ ಅವಳ ತಾಯಿ ಹಿಂದಿನಿಂದ, “ಕಾಲು ಜಾರ್ತದ್ರಿ, ಗ್ವಾಡಿ ಹಿಡಕೊಂಡು ಇಳೀರಿ,” ಎಂದು ಕೂಗಿದರು.

ಮರುದಿನ ಬೆಳಗ್ಗೆ ಪತ್ರಿಕೆಗೆ ಬರೆದೆ. ನಾಲ್ಕು ಸಾಲಿನ ಪತ್ರಕ್ಕೆ ಎರಡು ಗಂಟೆ ಹಿಡಿಯಿತು. ನಮ್ಮ ಅಳತೆ ಮಳೆಗಾಲದ ಖಾಲಿ ಜಾಗದಿಂದ ಹುಟ್ಟಿದ್ದು, ಇದನ್ನು ಕಂಡುಹಿಡಿದವಳು ನನ್ನ ವಿದ್ಯಾರ್ಥಿನಿ, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ. ಕಳಿಸಿದ ಮೇಲಾದರೂ ಹಗುರವಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಮುಖ್ಯಸ್ಥರು ಕರೆದು, ಇಷ್ಟು ಅವಸರ ಏನಿತ್ತು, ಮೊದಲು ನನ್ನ ಜೊತೆ ಮಾತಾಡಬಹುದಿತ್ತಲ್ಲ ಎಂದರು. ಆಮೇಲೆ ಅವರು ಕಾರಿಡಾರಿನಲ್ಲಿ ನಮಸ್ಕಾರಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಗುಂಪಿನ ಮುಂದಿನ ಸಭೆಯಲ್ಲಿ ಎಲ್ಲರ ಎದುರು ನಡೆದದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. ಕೇಳಬೇಕಾದವಳು ಅಲ್ಲಿರಲಿಲ್ಲ.

ಎರಡು ತಿಂಗಳ ನಂತರ ಒಂದು ಶನಿವಾರ ಅವಳು ಬಂದಳು. ಶಿರೂರಿನಲ್ಲಿ ಬಿಎಸ್ಸಿ ಮಕ್ಕಳಿಗೆ ಕಲಿಸಿ ಗಂಟಲು ಕಟ್ಟಿತ್ತು. ಅಲ್ಲಿಂದ ಎರಡು ವರ್ಷ ಹೆಚ್ಚುಕಡಿಮೆ ಪ್ರತಿ ಶನಿವಾರ ಬಂದಳು. ಮೊದಲಿನ ಸಲಿಗೆ ಬರಲಿಲ್ಲ, ನಾನೂ ಅದನ್ನು ಕೇಳುವ ಹಕ್ಕು ಉಳಿಸಿಕೊಂಡಿರಲಿಲ್ಲ. ಖಾಲಿ ತಿಂಗಳುಗಳು ಹೇಗೆ ಸುಳ್ಳು ತೂಕ ಕೊಡುತ್ತವೆ ಎಂಬ ಅವಳ ಪ್ರಬಂಧ ಅವಳ ಹೆಸರನ್ನೇ ಮೊದಲಿಟ್ಟುಕೊಂಡು ಬಂತು. ನಮ್ಮ ಮಳೆಗಾಲದಲ್ಲಿ ಆಕಾಶ ತಿಳಿಯಾಗಿರುವ ಇನ್ನೊಂದು ದೇಶದ ದೂರದರ್ಶಕಕ್ಕೆ ಅರ್ಜಿ ಹಾಕಿದೆವು. ಮೊದಲ ವರ್ಷ ಕೊಡಲಿಲ್ಲ, ಎರಡನೇ ವರ್ಷ ಕೊಟ್ಟರು. ಆ ತಿಂಗಳುಗಳ ಡೇಟಾ ಒಂದೊಂದಾಗಿ ಬರುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲೆಕ್ಕ ನಾನು ಬೇರೆ, ಅವಳು ಬೇರೆ ಮಾಡಿದೆವು. ನನಗೆ ನಲವತ್ತೆರಡು ದಿನ ಬಂತು, ಅವಳಿಗೆ ಮೂವತ್ತೊಂಬತ್ತು. ತೂಕ ಹತ್ತು ಕೋಟಿ ಸೂರ್ಯರ ಆಸುಪಾಸು. ಮೊದಲು ಹೇಳಿದ್ದರ ಮೂರನೇ ಒಂದು ಪಾಲು.

ಅವಳ ಥೀಸಿಸ್ ಪರೀಕ್ಷೆಗೆ ತಂದೆ ತಾಯಿ ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು ಕೇಳಿದ್ದಕ್ಕೆಲ್ಲ ಅವಳು ನಿಂತಲ್ಲೇ ಉತ್ತರ ಕೊಟ್ಟಳು. ಮುಗಿದಮೇಲೆ ಪೇಡೆ ಹಂಚಿದರು. ಅವಳ ತಂದೆ ನನ್ನ ಹತ್ತಿರ ಬಂದು ಕೈಮುಗಿದು, ಇನ್ನೊಂದು ಪೇಡೆ ಕೊಟ್ಟರು.

ಎಲ್ಲರೂ ಹೋದಮೇಲೆ ಅವಳು ಪ್ರೊಜೆಕ್ಟರಿನ ತಂತಿ ಸುತ್ತುತ್ತ ನಿಂತಿದ್ದಳು.

“ಮೇಡಂ, ಒಂದು ಕೇಳಲೇನ್ರಿ?”

“ಕೇಳು.”

“ನಾ ಬರೋಕ್ಕಿಂತ ಮೊದಲ ನೀವು ಒಂದು ಅಳತಿ ಮಾಡೀರಲ್ಲ, ಬೇರೆ ಗ್ಯಾಲಕ್ಸಿದು. ಅದರಾಗೂ ಮಳಿಗಾಲದ ಖಾಲಿ ಜಾಗ ಅದಾವ. ಅದನ್ನ ತಿರುಗಿ ನೋಡೀರೇನ್ರಿ?”

ನೋಡಿರಲಿಲ್ಲ. ಆ ಪ್ರಬಂಧವನ್ನು ಎಷ್ಟೋ ಜನ ನಂಬಿ ತಮ್ಮ ಲೆಕ್ಕಗಳಲ್ಲಿ ಬಳಸಿಕೊಂಡಿದ್ದಾರೆ, ನನ್ನ ಕೆಲಸ ಕಾಯಂ ಆದದ್ದೂ ಅದರಿಂದ. ಇಲ್ಲ ಎಂದೆ. ಅವಳು ತಂತಿಯನ್ನು ಮೇಜಿನ ಮೇಲಿಟ್ಟು, ಹೊರಗೆ ಕಾಯುತ್ತಿದ್ದ ತಂದೆ ತಾಯಿಯ ಕಡೆಗೆ ಹೋದಳು.

ಹೋದ ವಾರ ಆ ಪ್ರಬಂಧದ ಡೇಟಾ ಇದ್ದ ಹಳೇ ಡಿಸ್ಕ್ ತೆಗೆದೆ. ಮೂರು ಫೈಲು ತೆರೆದುಕೊಳ್ಳುತ್ತಿಲ್ಲ, ಉಳಿದವು ಸರಿ ಇವೆ. ಅವಳು ಮಾಡಿದ ಪರೀಕ್ಷೆಯನ್ನೇ ಅದರ ಮೇಲೆ ದಿನಕ್ಕೆ ಒಂದಿಷ್ಟು ಮಾಡುತ್ತಿದ್ದೇನೆ. ಅರ್ಧ ಗಂಟೆಗೊಮ್ಮೆ ಎದ್ದು ಕಾರಿಡಾರಿನ ಆ ತುದಿಯವರೆಗೆ ಹೋಗಿ ಬರುತ್ತೇನೆ. ಉತ್ತರ ಇನ್ನೂ ಬಂದಿಲ್ಲ.